ಹತ್ತು ಸಾವಿರದ ಸಾಲ, ಎಂಟು ಸಾವಿರದ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ಗೆಳೆಯನೊಬ್ಬ ಲ್ಯಾಪ್‌ಟಾಪ್ ರಿಪೇರಿಗೆಂದು ಮೊಬೈಲ್ ಆ್ಯಪ್ ಒಂದರಲ್ಲಿ 10,000 ರೂಪಾಯಿ ಸಾಲ ತಗೊಂಡ. ಖಾತೆಗೆ ಬಂದದ್ದು 8,230. "ತಿಂಗಳಿಗೆ ಎರಡೇ ಪರ್ಸೆಂಟ್ ಕಣ್ರೋ" ಅಂತ ಆರಾಮಾಗಿದ್ದ. ಮೂರು ತಿಂಗಳಿಗೆ 10,600 ಕಟ್ಟಬೇಕಿತ್ತು, ಕಟ್ಟಲಾಗಲಿಲ್ಲ. ಆಮೇಲೆ ಊರಲ್ಲಿರುವ ಅವನ ಅಮ್ಮನಿಗೆ ಫೋನ್ ಬರಲು ಶುರುವಾಯಿತು, ಅದೂ ರಾತ್ರಿ ಒಂಬತ್ತೂವರೆಗೆ. ಆ ವಾರ ನಾವು ನಾಲ್ಕು ಜನ ಕೂತು ಓದಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ. ಪ್ರೊಸೆಸಿಂಗ್ ಫೀ 1,500, ಅದರ ಮೇಲೆ ಶೇ. 18 ಜಿಎಸ್‌ಟಿ 270, ಎರಡನ್ನೂ ಮೊದಲೇ ಹಿಡಿದುಕೊಂಡಿದ್ದರು. ಅಂದರೆ ಅವನು ನಿಜವಾಗಿ ಪಡೆದ ಸಾಲ 8,230. ಅದಕ್ಕೆ ಮೂರು ತಿಂಗಳಲ್ಲಿ ಹೆಚ್ಚಾಗಿ ಕೊಡಬೇಕಾದದ್ದು 2,370, ಹತ್ತಿರಹತ್ತಿರ ಶೇ. 29. ವರ್ಷಕ್ಕೆ ಸುಮಾರು ಶೇ. 115! ಎಂ-ತ್ರೀ ಪಾಸಾದ ನಾವು ಈ ಭಾಗಾಕಾರ ಮಾಡಿರಲಿಲ್ಲ.

ಈ ಲೆಕ್ಕವನ್ನು ಸಾಲ ಕೊಡುವವರೇ ಮಾಡಿ ತೋರಿಸಬೇಕು ಅನ್ನುವುದು ನಿಯಮ. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಹೊಸ ರೀಟೇಲ್ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪತ್ರ ಕೊಡಬೇಕು. ಬಡ್ಡಿ, ಫೀ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಅದರಲ್ಲಿ ಬರೆಯದ ಶುಲ್ಕವನ್ನು ನಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ನಮಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ: ಈ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಕೊಡಿ ಅಂತ ಕೇಳುವುದು ಅಭಿಮಾನದ ಮಾತಷ್ಟೇ ಅಲ್ಲ, ಹಕ್ಕು. ಕೌಂಟರ್ ಮುಂದೆ ಕೈಕಟ್ಟಿ ನಿಂತು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬರುವ ನಮ್ಮ ಅಪ್ಪ ಅಮ್ಮಂದಿರಿಗೆ ಇದನ್ನು ದಯವಿಟ್ಟು ಹೇಳಿ.

ಡಿಜಿಟಲ್ ಸಾಲಕ್ಕೆ ಬೇರೆ ನಿಯಮಗಳೂ ಇವೆ. ಆ್ಯಪ್ ನಮ್ಮ ಫೋನಿನ ಕಾಂಟ್ಯಾಕ್ಟ್ಸ್, ಫೋಟೋಗಳಿಗೆ ಕೈ ಹಾಕುವಂತಿಲ್ಲ. ಸಾಲ ಬೇಡ ಅನ್ನಿಸಿದರೆ ದಂಡವಿಲ್ಲದೆ ವಾಪಸ್ ಮಾಡಲು ಒಂದು ಅವಧಿ ಇರುತ್ತದೆ (ಅದಕ್ಕೂ ಎಪಿಆರ್ ಪ್ರಕಾರ ಅಷ್ಟು ದಿನದ್ದು ಕೊಡಬೇಕು, ಪೂರ್ತಿ ಪುಕ್ಕಟೆ ಅಲ್ಲ). ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡುವಂತಿಲ್ಲ, ಮನೆಯವರನ್ನು ಗೆಳೆಯರನ್ನು ಬೆದರಿಸುವಂತಿಲ್ಲ. ಆದರೆ ಇದೆಲ್ಲ ಆರ್‌ಬಿಐ ಕೈಕೆಳಗಿರುವ ಸಂಸ್ಥೆಗಳ ಮಾತು. ಆ್ಯಪ್ ಹಿಂದೆ ಅಂಥ ಸಂಸ್ಥೆಯೇ ಇಲ್ಲದಿದ್ದರೆ ಅದು ಸಾಲವಲ್ಲ, ಮೋಸ. ನೇರವಾಗಿ 1930ಕ್ಕೆ ಫೋನ್ ಮಾಡಿ. ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಆರ್‌ಬಿಐ ಜಾಲತಾಣದಲ್ಲಿದೆ, ಡೌನ್‌ಲೋಡ್‌ಗೆ ಮೊದಲೇ ನೋಡಬಹುದು.

ಶಿಕ್ಷಣ ಸಾಲದ ಬಗ್ಗೆ ಎರಡು ಮಾತು. ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳಬಾರದು. ಬಡ್ಡಿ ಫ್ಲೋಟಿಂಗ್ ಆಗಿದ್ದರೆ, ಕೆಲಸ ಸಿಕ್ಕಿ ಬೇಗ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಲ್ಲಿ 'ಆಗಲ್ಲಪ್ಪ' ಅಂದವರು ಬರೆದುಕೊಡಿ ಅಂದಾಗ ಫೈಲನ್ನು ಇನ್ನೊಮ್ಮೆ ತೆಗೆಯುವುದುಂಟು.

ದೂರು ಕೊಡುವ ದಾರಿ ಸರಳ, ಆದರೆ ಕ್ರಮ ತಪ್ಪಬಾರದು. ಮೊದಲು ಬ್ಯಾಂಕಿಗೋ ಕಂಪನಿಗೋ ಬರಹದಲ್ಲಿ ದೂರು ಕೊಟ್ಟು ನಂಬರ್ ಇಟ್ಟುಕೊಳ್ಳಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, ಸಹಾಯವಾಣಿ 14448. ನೇರ ಒಂಬುಡ್ಸ್‌ಮನ್ ಹತ್ತಿರ ಹೋದರೆ ದೂರು ವಾಪಸ್ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬ್ಯಾಂಕಿಂಗೂ ಸೇವೆಯೇ ಆದ್ದರಿಂದ ಜಿಲ್ಲಾ ಗ್ರಾಹಕ ಆಯೋಗವೂ ಇದೆ.

ಒಂದು ಮಾತು ಸ್ಪಷ್ಟವಿರಲಿ: ದೂರು ಕೊಟ್ಟ ಮಾತ್ರಕ್ಕೆ ಸಾಲ ಮನ್ನಾ ಆಗುವುದಿಲ್ಲ. ನಮ್ಮ ಗೆಳೆಯ ಅಸಲನ್ನು ನಮ್ಮಿಂದಲೇ ಕೈಸಾಲ ಪಡೆದು ಕಟ್ಟಿದ್ದಾನೆ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್‌ಗಳ ಜೊತೆ ಕಂಪನಿಗೆ ದೂರು ಕಳಿಸಿ ಇವತ್ತಿಗೆ 19 ದಿನ. ಅಮ್ಮನಿಗೆ ಫೋನ್ ಬರುವುದು ನಿಂತಿದೆ, ಉತ್ತರ ಇನ್ನೂ ಬಂದಿಲ್ಲ. ಒಂಬುಡ್ಸ್‌ಮನ್‌ಗೆ ಹಾಕಬೇಕಾದ ಅರ್ಜಿಯನ್ನು ಬರೆದಿಟ್ಟಿದ್ದೇವೆ, ಕನ್ನಡದಲ್ಲೇ.