ತಟಸ್ಥ ಸಾಕ್ಷಿಯೂ ನ್ಯಾಯವಿಧಾನವೂ

ಕಳವಾಗಲಿ ಕೊಲೆಯಾಗಲಿ ನಡೆಯುವಾಗ ನ್ಯಾಯಾಧೀಶರು ಆ ಸ್ಥಳದಲ್ಲಿ ಇರುವುದಿಲ್ಲ. ಅವರು ಕಾಣದುದನ್ನು ಅವರಿಗೆ ಕಾಣಿಸಿಕೊಡುವವನೇ ಸಾಕ್ಷಿ. ಆ ಪದದೊಳಗೆಯೇ 'ಅಕ್ಷಿ', ಎಂದರೆ ಕಣ್ಣು, ಇರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಅಡಿಕೆ ತೋಟದ ಬೇಲಿಯ ವಿಷಯವಾಗಿ ಇಬ್ಬರಲ್ಲಿ ಹೊಡೆದಾಟವಾಯಿತೆಂದು ಭಾವಿಸೋಣ. ಎರಡು ಮನೆಯವರೂ ತಮ್ಮ ತಮ್ಮ ಪಕ್ಷವನ್ನೇ ಹೇಳುವರು. ಆಗ ಹಾದಿಯಲ್ಲಿ ಹೋಗುತ್ತಿದ್ದ ಮೂರನೆಯವನ ಮಾತಿಗೆ ಬೆಲೆ ಬರುತ್ತದೆ. ಅವನಿಗೆ ಯಾರ ಗೆಲುವಿನಿಂದಲೂ ಲಾಭವಿಲ್ಲ. ಯಾರ ಮೇಲೂ ಹಗೆಯಿಲ್ಲ. ಇಂತಹವನೇ ತಟಸ್ಥ ಸಾಕ್ಷಿ.

ಹಾಗೆಂದು ಬಂಧುಗಳ ಸಾಕ್ಷ್ಯವೆಲ್ಲ ಸುಳ್ಳೆಂದು ತಿಳಿಯಲಾಗದು. ಹತನಾದವನ ಹತ್ತಿರದ ಬಂಧುವು ನಿಜವಾದ ಅಪರಾಧಿಯನ್ನು ಬಿಟ್ಟು ನಿರಪರಾಧಿಯನ್ನು ಸಿಕ್ಕಿಸುವುದು ಸಾಮಾನ್ಯವಲ್ಲವೆಂದು ಸುಪ್ರೀಂ ಕೋರ್ಟು 1953ರಲ್ಲಿ ದಲೀಪ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಸಾಕ್ಷಿಗಳು ಇಷ್ಟೇ ಮಂದಿ ಇರತಕ್ಕದ್ದೆಂಬ ನಿಯಮವೂ ಇಲ್ಲ. 1872ರ ಸಾಕ್ಷ್ಯದ ಕಾಯಿದೆಯ ಈ ತತ್ತ್ವವನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಪೂರ್ಣವಾಗಿ ನಂಬತಕ್ಕವನು ಒಬ್ಬನೇ ಆದರೂ ಸಾಕು. ಅರೆನಂಬಿಕೆಯವನಾದರೆ ಬೇರೆ ಆಧಾರವು ಬೇಕು. 1957ರ ವಡಿವೇಲು ತೇವರ್ ಮೊಕದ್ದಮೆಯ ತೀರ್ಪಿನ ಸಾರವಿದು. ಇಂತಹ ಸಂದೇಹದ ವೇಳೆಯಲ್ಲಿಯೇ ತಟಸ್ಥನ ಒಂದು ಮಾತು ನ್ಯಾಯದ ತಕ್ಕಡಿಯನ್ನು ಸರಿಪಡಿಸುತ್ತದೆ.

ಪೊಲೀಸರು ಮನೆಯನ್ನು ಶೋಧಿಸುವಾಗ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ತಟಸ್ಥರಾದ ಗೌರವಸ್ಥರನ್ನು ಕರೆಯಬೇಕೆಂದು ಕಾನೂನು ವಿಧಿಸುತ್ತದೆ. ದೊರೆತ ವಸ್ತುಗಳ ಪಟ್ಟಿಗೆ ಅವರು ರುಜು ಹಾಕತಕ್ಕದ್ದು. ಇದರಿಂದ ಇಬ್ಬರಿಗೂ ರಕ್ಷೆ: ಇಲ್ಲದ ವಸ್ತುವನ್ನು ತಂದಿಟ್ಟರೆಂಬ ಭಯವು ಮನೆಯವನಿಗಿಲ್ಲ, ಹಾಗೆ ಮಾಡಿದರೆಂಬ ಅಪವಾದವು ಪೊಲೀಸರಿಗಿಲ್ಲ. ಶೋಧನೆಯ ದೃಶ್ಯವನ್ನೂ ಧ್ವನಿಯನ್ನೂ ಯಂತ್ರದಲ್ಲಿ ದಾಖಲಿಸಬೇಕೆಂದು ಈಗ ಹೊಸ ಸಂಹಿತೆಯು ವಿಧಿಸಿದೆ. ಆದರೂ ಪಂಚರ ಅಗತ್ಯವನ್ನು ಅದು ತೆಗೆದುಹಾಕಿಲ್ಲ.

ಗಡಿನಾಡಾದ ಕಾಸರಗೋಡಿನ ಕನ್ನಡಿಗರಾದ ನಮಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಮಹಜರು ಮಲಯಾಳದಲ್ಲಿದ್ದು ನಮಗೆ ಓದಲು ಬಾರದಿದ್ದರೆ, ಅದನ್ನು ಓದಿಸಿ, ಅರ್ಥವನ್ನು ತಿಳಿದ ಮೇಲೆಯೇ ರುಜು ಮಾಡಬೇಕು. ಕಾಣದುದನ್ನು ಕಂಡೆವೆಂದು ಬರೆದ ಕಾಗದಕ್ಕೆ ದಾಕ್ಷಿಣ್ಯದಿಂದ ಹಾಕಿದ ರುಜುವು ನಿರಪರಾಧಿಯೊಬ್ಬನನ್ನು ಸೆರೆಮನೆಗೆ ಕಳುಹಿಸಬಹುದು. ನ್ಯಾಯಾಲಯದಲ್ಲಿ ಸಾಕ್ಷಿಯು ತನ್ನ ಭಾಷೆಯಲ್ಲಿ ನುಡಿಯಬಹುದು. ಸಾಧ್ಯವಾದರೆ ಅದೇ ಭಾಷೆಯಲ್ಲಿ ಬರೆದುಕೊಳ್ಳುವರು, ಇಲ್ಲವಾದರೆ ನ್ಯಾಯಾಲಯದ ಭಾಷೆಗೆ ಯಥಾರ್ಥವಾದ ಅನುವಾದವು ಸಿದ್ಧವಾಗತಕ್ಕದ್ದು. ಅರೆಬರೆ ತಿಳಿದ ಭಾಷೆಯಲ್ಲಿ ತಡವರಿಸುವುದಕ್ಕಿಂತ ಕನ್ನಡದಲ್ಲಿ ನೇರವಾಗಿ ನುಡಿಯುವುದೇ ಲೇಸು.

"ನಮಗೇಕೆ ಊರ ಉಸಾಬರಿ?" ಎಂದು ಹಿರಿಯರು ಹಿಂಜರಿಯುವುದನ್ನು ನಾವು ಬಲ್ಲೆವು. ಅಲೆದಾಟವೂ ಬೆದರಿಕೆಯೂ ನಿಜವೇ. ಅದನ್ನು ಮನಗಂಡೇ ಸುಪ್ರೀಂ ಕೋರ್ಟು 2018ರಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆಯಿತ್ತಿತು. ಬೆದರಿಕೆಗೊಳಗಾದ ಸಾಕ್ಷಿಯು ಅದರಂತೆ ರಕ್ಷಣೆಯನ್ನು ಬೇಡಬಹುದು. ಕಂಡವರೆಲ್ಲ ಬಾಯಿ ಮುಚ್ಚಿದರೆ ಅಪರಾಧಿಯು ಬಿಡುಗಡೆ ಹೊಂದುವನು. ನಾಳೆ ನಮ್ಮ ಮನೆಗೆ ಅನ್ಯಾಯವಾದಾಗ ನುಡಿಯುವವರು ಯಾರಿರುವರು?

ತರಗತಿಯಲ್ಲಿ ಗೆಳೆಯನ ಪೆನ್ನು ಕಾಣೆಯಾದಾಗ ಕಂಡುದನ್ನು ಕಂಡಂತೆ, ಕಾಣದುದನ್ನು ಕಾಣೆನೆಂದು ಹೇಳುವ ಬಾಲಕನೇ ಮುಂದೆ ಧೈರ್ಯವಂತನಾದ ಸಾಕ್ಷಿಯಾಗುವನು. ಈ ಅಭ್ಯಾಸವು ಶಾಲೆಯಲ್ಲಿಯೂ ಮನೆಯಲ್ಲಿಯೂ ಈಗಲೇ ಆರಂಭವಾಗಲಿ.