ಮೊದಲು ರನ್‌ವೇ, ಆಮೇಲೆ ಟರ್ಮಿನಲ್

ಫ್ಲೈಟ್ ಸಿಮ್ಯುಲೇಟರ್ ಹಾರಿಸುವವರಿಗೆಲ್ಲ ಒಂದಲ್ಲ ಒಂದು ದಿನ ತಮ್ಮೂರಿನ ವಿಮಾನ ನಿಲ್ದಾಣವನ್ನು ತಾವೇ ಕಟ್ಟುವ ಚಪಲ ಹತ್ತುತ್ತದೆ. ಎಕ್ಸ್-ಪ್ಲೇನ್ ಇರುವವರಿಗೆ ಅದರ ಸಲಕರಣೆಯಾದ ವರ್ಲ್ಡ್‌ಎಡಿಟರ್ ಪುಕ್ಕಟೆ ಸಿಗುತ್ತದೆ. ಬಳಸುವವರ ಬಾಯಲ್ಲಿ ಅದು ‘ವೆಡ್’. ಮಂಗಳೂರಿನ ಬಜ್ಪೆಯ ಮೇಲೆ ಕೈಯಾಡಿಸುತ್ತ ಕಂಡುಕೊಂಡ ಕೆಲವು ಸಂಗತಿಗಳು ಇಲ್ಲಿವೆ.

1. ಬೆಂಗಳೂರಿನಿಂದ ಶುರು ಮಾಡಬೇಡಿ. ನಾಲ್ಕು ಸಾವಿರ ಮೀಟರಿನ ಎರಡು ರನ್‌ವೇ, ಎರಡು ಟರ್ಮಿನಲ್, ಲೆಕ್ಕವಿಲ್ಲದ ಟ್ಯಾಕ್ಸಿವೇ. ಮುಗಿಯುವ ಮೊದಲೇ ಉತ್ಸಾಹ ಮುಗಿದಿರುತ್ತದೆ. ಮೈಸೂರಿನ ಮಂಡಕಳ್ಳಿಗೆ ಇರುವುದು ಒಂದೇ ಪುಟ್ಟ ರನ್‌ವೇ. ಕೈ ಪಳಗಿಸಲು ಅದು ಸಾಕು.

2. ಕಣ್ಣಂದಾಜು ಬೇಡ, ಅಂಕಿ ತುಂಬಿ. ವಿಮಾನ ನಿಲ್ದಾಣ ಪ್ರಾಧಿಕಾರ ಹೊರತರುವ ಎಐಪಿ ಎಂಬ ಮಾಹಿತಿ ಕೈಪಿಡಿಯಲ್ಲಿ ರನ್‌ವೇ ತುದಿಗಳ ಅಕ್ಷಾಂಶ-ರೇಖಾಂಶ, ಉದ್ದಗಲ, ದೀಪಗಳ ವಿವರ ಎಲ್ಲವೂ ಇವೆ. ಉಪಗ್ರಹ ಚಿತ್ರ ಕೆಲವು ಮೀಟರ್ ಅತ್ತಿತ್ತ ಸರಿದಿರಬಹುದು. ಅದನ್ನೇ ನಂಬಿ ಗೆರೆ ಎಳೆದರೆ ರನ್‌ವೇಯೂ ಸರಿಯುತ್ತದೆ, ಐಎಲ್ಎಸ್ ಹಿಡಿದು ಇಳಿಯುವವನು ನಡುಗೆರೆ ತಪ್ಪಿ ಇಳಿಯುತ್ತಾನೆ. ಇನ್ನೊಂದು ಮಾತು: ವೆಡ್ ಕೇಳುವುದು ನಿಜ ಉತ್ತರದಿಂದ ಅಳೆದ ದಿಕ್ಕು, ರನ್‌ವೇ ಸಂಖ್ಯೆ ಬಂದಿರುವುದು ಕಾಂತೀಯ ಉತ್ತರದಿಂದ. ನಮ್ಮ ಕರಾವಳಿಯಲ್ಲಿ ಎರಡರ ವ್ಯತ್ಯಾಸ ತೀರ ಕಡಿಮೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ.

3. ನೆಲವೇ ಅರ್ಧ ಕೆಲಸ. ಬಜ್ಪೆಯ 06/24 ರನ್‌ವೇ 2,450 ಮೀಟರ್ ಉದ್ದ, ಗುಡ್ಡದ ನೆತ್ತಿಯ ಮೇಲಿದೆ. ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ವಿಮಾನವೊಂದು ರನ್‌ವೇ ದಾಟಿ ಉರುಳಿದ್ದು, 158 ಜನ ಸತ್ತಿದ್ದು ಇಲ್ಲಿಯೇ. ಆ ಇಳಿಜಾರು ಕಾಣದ ಬಜ್ಪೆ ಬಜ್ಪೆಯೇ ಅಲ್ಲ. ಆದರೆ ವಿಮಾನ ನಿಲ್ದಾಣದ ಗುಣಲಕ್ಷಣಗಳಲ್ಲಿ ‘ಆಲ್ವೇಸ್ ಫ್ಲ್ಯಾಟನ್’ ಒತ್ತಿದಿರೋ, ಬೌಂಡರಿಯ ಒಳಗಿನ ನೆಲವೆಲ್ಲ ದೋಸೆ ಹೆಂಚಿನಂತೆ ಸಪಾಟಾಗಿ ಅಂಚಿನಲ್ಲಿ ನೇರ ಗೋಡೆ ಎದ್ದು ನಿಲ್ಲುತ್ತದೆ. ಒತ್ತದೆ ಬಿಟ್ಟರೆ ಮೂಲ ಮೆಶ್‌ನ, ಅಂದರೆ ಸಿಮ್ಯುಲೇಟರ್‌ನ ನೆಲದ ಮಾದರಿಯ, ಉಬ್ಬುತಗ್ಗು ರನ್‌ವೇಯ ಮೇಲೂ ಕಾಣಿಸಬಹುದು. ನಾನಾದರೆ ಉಬ್ಬುತಗ್ಗನ್ನೇ ಆರಿಸುತ್ತೇನೆ. ಸಪಾಟೇ ಬೇಕೆನ್ನುವವರು ಬೌಂಡರಿಯನ್ನು ಗುಡ್ಡದ ಅಂಚಿನಿಂದ ಒಳಕ್ಕೆ ಎಳೆದುಕೊಂಡರೆ ಗೋಡೆಯ ಕಾಟವಾದರೂ ತಗ್ಗುತ್ತದೆ. ಇಳಿಜಾರನ್ನು ನಿಜವಾಗಿ ತಿದ್ದಬೇಕೆಂದರೆ ಅದು ಮೆಶ್ ತಯಾರಿಸುವವರ ಕೆಲಸ. ಮೊದಲ ವರ್ಷ ಆ ಕಡೆ ತಲೆ ಹಾಕದಿರುವುದೇ ಒಳ್ಳೆಯದು.

4. ಎಕ್ಸ್‌ಕ್ಲೂಷನ್ ಝೋನ್ ಹಾಕದಿದ್ದರೆ ಸಿಮ್ಯುಲೇಟರ್ ತಾನಾಗಿ ಬೆಳೆಸಿದ ಮರಗಳು ನಿಮ್ಮ ಏಪ್ರನ್ ಮೇಲೂ ನಿಂತಿರುತ್ತವೆ. ಅತಿಯಾಗಿ ಹಾಕಿದರೆ ಸುತ್ತಲಿನ ಕಾಡೂ ಮಾಯ. ಚಿಕ್ಕ ಚಿಕ್ಕ ಚೌಕಗಳನ್ನು ಜೋಡಿಸುತ್ತ ಹೋಗಿ.

5. ಮಾಡಿದ್ದು ಕಾಣಿಸದಿದ್ದರೆ ಮೊದಲು ಸೀನರಿ_ಪ್ಯಾಕ್ಸ್.ಐಎನ್ಐ ಕಡತ ತೆರೆಯಿರಿ. ಮೇಲಿನ ಸಾಲಿಗೆ ಮಾನ್ಯತೆ ಹೆಚ್ಚು: ನಿಲ್ದಾಣಗಳು ಮೇಲೆ, ಉಪಗ್ರಹ ಚಿತ್ರದ ನೆಲ ಕೆಳಗೆ, ಮೆಶ್ ತಳದಲ್ಲಿ.

6. ಕಟ್ಟಡಗಳ 3ಡಿ ಮಾದರಿ ಮಾಡುವ ಬ್ಲೆಂಡರ್ ಕಲಿಯಲು ಟರ್ಮಿನಲ್‌ಗಿಂತ ಹಂಚಿನ ಮನೆ ವಾಸಿ. ನಾಲ್ಕು ಗೋಡೆ, ಎರಡು ಇಳಿಜಾರು ಮಾಡು, ಅಷ್ಟೇ. ಸಿದ್ಧ ಲೈಬ್ರರಿಯಲ್ಲಿ ಹುಡುಕಿದರೆ ನಮ್ಮ ಕರಾವಳಿಯ ಮನೆ ಸಿಗುವುದು ಕಷ್ಟ, ಆದ್ದರಿಂದ ಇದು ಅಭ್ಯಾಸವೂ ಹೌದು, ಉಪಯೋಗವೂ ಹೌದು. ಅಳತೆ ಮೀಟರಿನಲ್ಲಿ, ಮೂಲಬಿಂದು ನೆಲಮಟ್ಟದಲ್ಲಿ ಇರಲಿ. ಟೆಕ್ಸ್ಚರ್ 1024 ಅಥವಾ 2048 ಪಿಕ್ಸೆಲ್. ಹತ್ತು ಮನೆಗೂ ಒಂದೇ ಟೆಕ್ಸ್ಚರ್ ಹಂಚಿಕೊಂಡರೆ ಫ್ರೇಮ್ ರೇಟ್ ಕುಸಿಯುವುದಿಲ್ಲ. ಕಾಣದ ಒಳಗೋಡೆಗಳನ್ನು ಅಳಿಸಿಬಿಡಿ.

7. ವೆಡ್‌ನ ಮೆನುವಿನಲ್ಲಿರುವ ವ್ಯಾಲಿಡೇಟ್ ಅನ್ನು ದಿನಕ್ಕೊಮ್ಮೆಯಾದರೂ ಓಡಿಸಿ. ರನ್‌ವೇ ಸಮೀಪದ ಟ್ಯಾಕ್ಸಿ ಮಾರ್ಗಗಳಿಗೆ ಹಾಕಬೇಕಾದ ಹಾಟ್ ಝೋನ್ ಗುರುತುಗಳನ್ನು ಕೊನೆಗೆ ಒಟ್ಟಿಗೆ ಹಾಕೋಣವೆಂದು ಕೂತರೆ ದೋಷಗಳ ಪಟ್ಟಿ ಪರದೆ ತುಂಬುತ್ತದೆ.

8. ಬಳಕೆದಾರರು ಮಾಡಿದ ನಿಲ್ದಾಣಗಳನ್ನು ಸ್ವೀಕರಿಸುವ ಎಕ್ಸ್-ಪ್ಲೇನ್‌ನ ಸೀನರಿ ಗೇಟ್‌ವೇಗೆ ಕಳಿಸಿದ ನಿಲ್ದಾಣ ಒಪ್ಪಿಗೆಯಾದರೆ ಮುಂದೆ ಎಲ್ಲರ ಎಕ್ಸ್-ಪ್ಲೇನ್‌ಗೂ ಸೇರಬಹುದು. ಆದರೆ ಅಲ್ಲಿ ನಡೆಯುವುದು ಎಕ್ಸ್-ಪ್ಲೇನ್‌ನ ಸ್ವಂತ ಲೈಬ್ರರಿಯ ವಸ್ತುಗಳು ಮಾತ್ರ, ನೀವು ಮಾಡಿದ ಹಂಚಿನ ಮನೆ ನಡೆಯುವುದಿಲ್ಲ. ಗೇಟ್‌ವೇಗೊಂದು ಪ್ಯಾಕ್, ನಿಮಗೊಂದು ಪ್ಯಾಕ್ ಎಂದು ಮೊದಲೇ ಬೇರೆ ಮಾಡಿಟ್ಟುಕೊಳ್ಳಿ. ಗೂಗಲ್ ನಕ್ಷೆಯ ಚಿತ್ರಗಳನ್ನು ಎರಡರಲ್ಲೂ ಸೇರಿಸಿ ಹಂಚಬೇಡಿ, ಅದರ ಪರವಾನಗಿ ಅದಕ್ಕೆ ಒಪ್ಪುವುದಿಲ್ಲ.