‘ನಾನು ರೋಬೋಟ್ ಅಲ್ಲ’: ಬೋಧನಾಭ್ಯಾಸದ ಒಂದು ಪಾಠ

ತರಗತಿ: 9
ವಿಷಯ: ವಿಜ್ಞಾನ
ಅವಧಿ: 40 ನಿಮಿಷ

ಉದ್ದೇಶ: ‘ನೀನು ಮನುಷ್ಯನೇ?’ ಮತ್ತು ‘ನೀನು ಯಾರು?’ ಎಂಬ ಎರಡು ಡಿಜಿಟಲ್ ಪರೀಕ್ಷೆಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗುರುತಿಸುವರು.

ಪೀಠಿಕೆ: ಪರದೆಯ ಮೇಲಿನ ಸೊಟ್ಟ ಅಕ್ಷರಗಳನ್ನು ಹೆಚ್ಚಿನ ಮಕ್ಕಳು ಕಂಡಿದ್ದರು. ಅವು ಏಕೆ ಬರುತ್ತವೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.

ವಿಷಯ ನಿರೂಪಣೆ: ಬರಹದ ಉತ್ತರಗಳನ್ನಷ್ಟೇ ಓದಿ, ಆಚೆಗಿರುವುದು ಮನುಷ್ಯನೋ ಯಂತ್ರವೋ ಎಂದು ಹೇಳಬಹುದೇ? 1950ರಲ್ಲಿ ಅಲನ್ ಟ್ಯೂರಿಂಗ್ ಸೂಚಿಸಿದ ಪರೀಕ್ಷೆ ಇದು. ಅಲ್ಲಿ ತೀರ್ಪು ಕೊಡುವವನು ಮನುಷ್ಯ. ಕ್ಯಾಪ್ಚಾದಲ್ಲಿ ತೀರ್ಪು ಕೊಡುವುದು ಯಂತ್ರ. ಲೂಯಿಸ್ ವಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮತ್ತು ಸಂಗಡಿಗರು 2003ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ತಂತ್ರಾಂಶ ಬಳಸಿ ಒಬ್ಬನೇ ಸಾವಿರಾರು ಖಾತೆ ತೆರೆಯದಂತೆ ತಡೆಯುವುದು ಕ್ಯಾಪ್ಚಾದ ಕೆಲಸ. ಹೆಸರು ಅದಕ್ಕೆ ಬೇಕಿಲ್ಲ. ಒಟಿಪಿ, ಆಧಾರ್ ಬೆರಳಚ್ಚುಗಳು ಕೇಳುವುದು ಎರಡನೆಯ ಪ್ರಶ್ನೆಯನ್ನು.

ಚಟುವಟಿಕೆ: ಇಬ್ಬರು ವಿದ್ಯಾರ್ಥಿನಿಯರು ಬಾಗಿಲ ಹಿಂದೆ ನಿಂತರು. ಒಬ್ಬಳು ಸ್ವಂತ ಉತ್ತರ ಬರೆದಳು. ‘ಯಂತ್ರ’ವಾದವಳು ನಾನು ಕೊಟ್ಟ ಕಾರ್ಡಿನ ಉತ್ತರಗಳನ್ನಷ್ಟೇ ನಕಲು ಮಾಡಿದಳು. ತರಗತಿ ಚೀಟಿಗಳಲ್ಲಿ ಪ್ರಶ್ನೆ ಕಳುಹಿಸಿತು. 47×23 ಎಷ್ಟೆಂಬುದಕ್ಕೆ ತಟ್ಟನೆ 1081 ಎಂದು ಬರೆದವಳನ್ನೇ ಯಂತ್ರವೆಂದು ಹಲವರು ಕೂಗಿದರು. ಅವಳು ಲೆಕ್ಕದಲ್ಲಿ ಜಾಣೆ, ಅಷ್ಟೇ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮೇಡಂ, ರೇಷನ್ ಅಂಗಡಿಯಲ್ಲಿ ನಮ್ಮಜ್ಜಿ ಬೆರಳು ತಗೊಳ್ಳಲೇ ಇಲ್ಲ. ಅಕ್ಕಿ ಕೊಡದೆ ಕಳಿಸಿದ್ರು. ಅಜ್ಜಿ ಅಜ್ಜಿ ಅಲ್ವಾ?”

ಯೋಜನೆಯಲ್ಲಿದ್ದ ಮೌಲ್ಯಮಾಪನವನ್ನು ಬಿಟ್ಟು ಈ ಪ್ರಶ್ನೆಯನ್ನೇ ಎತ್ತಿಕೊಂಡೆ. ದುಡಿದ ಕೈಯ ಗೆರೆಗಳು ಸವೆಯುತ್ತವೆ. ಸಂವೇದಕಕ್ಕೆ ಹೊಂದಿಕೆ ಸಿಗುವುದಿಲ್ಲ. ಕಪ್ಪುಹಲಗೆಯ ಮೇಲೆ ನಾಲ್ಕು ಮನೆಗಳ ಕೋಷ್ಟಕ ಬರೆದೆ:

ನಿಜವಾದ ವ್ಯಕ್ತಿ – ಒಪ್ಪಿತು: ಸರಿ
ನಿಜವಾದ ವ್ಯಕ್ತಿ – ತಿರಸ್ಕರಿಸಿತು: ತಪ್ಪು
ಬೇರೆಯವರು – ಒಪ್ಪಿತು: ತಪ್ಪು
ಬೇರೆಯವರು – ತಿರಸ್ಕರಿಸಿತು: ಸರಿ

ಅಜ್ಜಿ ಎರಡನೆಯ ಸಾಲಿನಲ್ಲಿದ್ದಾರೆಂದು ಮಕ್ಕಳೇ ಹೇಳಿದರು. ಪರೀಕ್ಷೆಯನ್ನು ಬಿಗಿ ಮಾಡಿದರೆ ಮೂರನೆಯ ಸಾಲಿನ ತಪ್ಪು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆ. ಆದ್ದರಿಂದ ಕಣ್ಣಿನ ಪಾಪೆ, ಒಟಿಪಿಯಂಥ ಬದಲಿ ದಾರಿ ಬೇಕು. ಅಂಧರಿಗೆ ಧ್ವನಿ ಕ್ಯಾಪ್ಚಾ ಬೇಕಾದದ್ದೂ ಇದೇ ಕಾರಣಕ್ಕೆ.

ಮೌಲ್ಯಮಾಪನ: “ಯಂತ್ರ ತಿರಸ್ಕರಿಸಿದರೆ ಏನು ತಿಳಿಯುತ್ತದೆ?” ಎಂದು ಕೇಳಿದಾಗ ಒಬ್ಬಳು ಬರೆದಳು: “ಹೊಂದಿಕೆ ಆಗಲಿಲ್ಲ ಎಂಬುದಷ್ಟೇ.”

ಸಹಪ್ರಶಿಕ್ಷಣಾರ್ಥಿಗಳಿಗೆ ಸಲಹೆ: ಈ ಪಾಠಕ್ಕೆ ಗಣಕಯಂತ್ರ ಬೇಡ, ಚೀಟಿ, ಬಾಗಿಲು, ಕಪ್ಪುಹಲಗೆ ಸಾಕು. ಕೋಷ್ಟಕಕ್ಕೆ ಮಾತ್ರ 15 ನಿಮಿಷ ಉಳಿಸಿಕೊಳ್ಳಿ.